ಮೂರನೆಯ ಗುಂಡಿ

ಆ ದಿನದ ಎಲ್ಲ ಅವಾಂತರಕ್ಕೂ ಕಾರಣ ಉಪ್ಪಿಟ್ಟಿನ ಗುಂಡಿ. ಲಕ್ಷ್ಮೇಶ್ವರದ ಕುಬೇರಪ್ಪನವರ ಕಲ್ಯಾಣ ಮಂಟಪದಲ್ಲಿ ಒಂದು ಕಂಪ್ಯೂಟರ್ ಇತ್ತು. ಅದರ ಪರದೆಯ ಮೇಲೆ ಹಸಿರು ಬಣ್ಣದ ಆ ಗುಂಡಿ ಇತ್ತು. ಮೌಸಿನಿಂದ ಒಮ್ಮೆ ಒತ್ತಿದರೆ ಸಾಕು, ಮಂಟಪದ ಮೂಲೆಮೂಲೆಯ ಸ್ಪೀಕರಿನಿಂದ ಸ್ವತಃ ಕುಬೇರಪ್ಪನವರ ಕಂಠ ಮೊಳಗುತ್ತಿತ್ತು: “ಬಂಧುಗಳೇ, ಉಪ್ಪಿಟ್ಟು ಶಿರಾ ಸಿದ್ಧವಾಗಿದೆ. ದಯಮಾಡಿ ಎಲ್ಲರೂ ಬಂದು ಸ್ವೀಕರಿಸಬೇಕು.” ಒಮ್ಮೆ ಒತ್ತಿದರೆ ಸಾಕಿತ್ತು. ಆದರೆ ಮಂಟಪದ ಮ್ಯಾನೇಜರ್ ಮಹಬೂಬಸಾಬ ಒಮ್ಮೆ ಒತ್ತಿ ಸುಮ್ಮನೆ ಕೂಡುವ ಆಸಾಮಿಯಲ್ಲ.

ಈ ಪ್ರೋಗ್ರಾಮು ಬರೆದವನು ಬೆಟಗೇರಿಯ ನಂದೀಶ. ಅಂಗಡಿಗಳಿಗೆ, ಅಡತಿಗಳಿಗೆ, ದವಾಖಾನೆಗಳಿಗೆ ಕಂಪ್ಯೂಟರಿನಲ್ಲಿ ಕಿಟಕಿ, ಗುಂಡಿ ಮಾಡಿಕೊಡುವುದು ಅವನ ಉದ್ಯೋಗ. ಕುಬೇರಪ್ಪನವರ ಮಂಟಪಕ್ಕೆ ಮಾತ್ರ ಅವನು ಪುಕ್ಕಟೆ ಮಾಡಿಕೊಟ್ಟಿದ್ದ, ಯಾಕೆಂದರೆ ಅವರು ತಮ್ಮ ಮಗಳು ಸ್ನೇಹಾಳನ್ನು ಅವನಿಗೆ ಕೊಡಲು ಒಪ್ಪಿದ್ದರು. ಒಪ್ಪುವುದಾದರೂ ಸುಲಭವಾಗಿ ಆಗಿತ್ತೇ? “ಕಿಟಕಿ ಮಾಡ್ತಾನಂದ್ರ ಬಡಿಗ್ಯಾನ ಏನ್?” ಎಂದು ಸ್ನೇಹಾಳ ಅಜ್ಜಿ ಶೇಖವ್ವ ಮೂಗು ಮುರಿದಿದ್ದಳು. “ಹುಡುಗನ ಕೆಲಸ ಏನಂತ ಮದಿವಿ ದಿನ ಕಣ್ಣಾರೆ ನೋಡವ್ವ” ಎಂದು ಕುಬೇರಪ್ಪನವರು ತಾಯಿಗೆ ಮಾತು ಕೊಟ್ಟಿದ್ದರು. ಆ ಮದುವೆಯ ದಿನವೇ ಇವತ್ತು. ಅದೇ ಮಂಟಪ, ಅದೇ ಪ್ರೋಗ್ರಾಮು, ಮದುವಣಿಗ ಅದೇ ನಂದೀಶ.

ಸುರಗಿಯ ಮಂಗಳಸ್ನಾನ ಮುಗಿಸಿಕೊಂಡು, ಹೊಸ ಧೋತರ ಉಟ್ಟು, ಹಣೆಗೆ ಬಾಸಿಂಗ ಕಟ್ಟಿಸಿಕೊಂಡು ನಂದೀಶ ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡಿ ಮೆಚ್ಚುತ್ತಿದ್ದಾಗ ಮಹಬೂಬಸಾಬ ಏದುಸಿರು ಬಿಡುತ್ತ ಬಂದ.

“ಸರ್ರ, ಕಿಟಕಿ ಬೆಳ್ಳಗಾಗಿ ನಿಂತ ಬಿಟ್ಟೈತ್ರಿ! ಉಪ್ಪಿಟ್ಟು ಒತ್ತಿದೆ, ಸಪ್ಪಳಿಲ್ಲ. ಮತ್ತ ಒತ್ತಿದೆ, ಸಪ್ಪಳಿಲ್ಲ.”

“ಎಷ್ಟ ಸಲ ಒತ್ತಿದ್ರಿ ಚಾಚಾ?”

“ಯಾಂವ ಎಣಸ್ತಾನ್ರಿ? ಬೆರಳು ನೋಯಾಕತ್ತು, ಆಮ್ಯಾಲ ಬಿಟ್ಟೆ.”

ತಾನು ಎಡವಿದ್ದು ಎಲ್ಲಿ ಎಂದು ನಂದೀಶನಿಗೆ ಆ ಕ್ಷಣವೇ ಹೊಳೆಯಿತು. ಗುಂಡಿ ನೋಡಿಕೊಳ್ಳುವ ಕೆಲಸ, ಧ್ವನಿ ಹಚ್ಚುವ ಕೆಲಸ ಎರಡನ್ನೂ ಅವನು ಪ್ರೋಗ್ರಾಮಿನೊಳಗಿನ ಒಬ್ಬನೇ ಆಳಿನ ತಲೆಗೆ ಕಟ್ಟಿದ್ದ. ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸುವವನೇ ಒಳಗೆ ಹೋಗಿ ಬಡಿಸಲೂ ಬೇಕು ಎಂದಂತೆ. ಅವನು ಬಡಿಸಲು ಹೋದಾಗ ಬಾಗಿಲಿಗೆ ಬಂದವರೆಲ್ಲ ಸಾಲಾಗಿ ಕಾಯುತ್ತಾರೆ. ಮಹಬೂಬಸಾಬ ಒತ್ತಿದ್ದೆಲ್ಲ ಒಂದೂ ಹಾಳಾಗದೆ ಹಾಗೆಯೇ ಸಾಲಾಗಿ ನಿಂತಿತ್ತು.

ಅಷ್ಟರಲ್ಲಿ ಸ್ಪೀಕರು ಬಾಯಿ ಬಿಟ್ಟಿತು. “ಬಂಧುಗಳೇ, ಉಪ್ಪಿಟ್ಟು ಶಿರಾ ಸಿದ್ಧವಾಗಿದೆ...” ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ “ಬಂಧುಗಳೇ...” ಅದು ಮುಗಿದ ಕೂಡಲೇ ಮತ್ತೆ “ಬಂಧುಗಳೇ...” ಬಂಧುಗಳು ಮೊದಲನೆಯ ಕರೆಗೆ ಎದ್ದರು, ತಿಂದರು, ಕೈ ತೊಳೆದರು. ಆಗಲೂ ಕರೆ ನಿಂತಿರಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮತ್ತೊಂದು ಕರೆಗೆ ಶಿರಹಟ್ಟಿಯ ಹಿರಿಯರೊಬ್ಬರು ಶಲ್ಯ ಹೆಗಲಿಗೇರಿಸಿ ಎದ್ದೇಬಿಟ್ಟರು. “ಇಷ್ಟ ಮನಸಿಟ್ಟು ಕರಿಯಾಕತ್ತಾರ. ಒಲ್ಲೆ ಅಂದ್ರ ಕುಬೇರಪ್ಪ ಮನಸಿಗೆ ಹಚ್ಕೊಂತಾನ, ಏಳ್ರಿ.” ಅವರ ಹಿಂದೆ ಇಡೀ ಮಂಟಪ ಎದ್ದಿತು. ನಮ್ಮ ಕಡೆಯ ಜನ ಒತ್ತಾಯಕ್ಕೆ ಕಟ್ಟುಬಿದ್ದವರು. ಕರೆದಷ್ಟು ಸಲವೂ ಹೋದರು, ತಿಂದರು.

ಬೆಟಗೇರಿಯಿಂದ ಬೀಗರ ಬಸ್ಸು ಬರುವುದಕ್ಕೂ ಪಾತೇಲಿಯಲ್ಲಿ ಚಮಚ ಖಣಖಣ ಎನ್ನುವುದಕ್ಕೂ ಸರಿಹೋಯಿತು. ದಾರಿಯಲ್ಲಿ ಮಾಗಡಿ ಕೆರೆಗೆ ಪರದೇಶದ ಹಕ್ಕಿ ಬಂದಿವೆ ಎಂದು ಬಸ್ಸು ನಿಲ್ಲಿಸಿ, ಎಲ್ಲರೂ ಇಳಿದು ಫೋಟೋ ಹೊಡೆದುಕೊಂಡು ಬಂದಿದ್ದರು. ಎಲ್ಲರಿಗಿಂತ ಮುಂದೆ ಇಳಿದವನು ನಂದೀಶನ ಕಾಕಾ ಚನ್ನಬಸವಣ್ಣ. ಈತ ಮದುವೆಗಳಿಗೆ ಹೋಗುವುದೇ ಎಲ್ಲಿ ಮರ್ಯಾದೆ ಕಡಿಮೆಯಾಯಿತು ಎಂದು ಹುಡುಕಲು. ಇವತ್ತು ಹುಡುಕುವ ಕಷ್ಟವೂ ಇರಲಿಲ್ಲ.

“ಮಾಗಡಿ ಕೆರ್‍ಯಾಗ ಹಕ್ಕಿಗಾದ್ರೂ ತಿನ್ನಾಕ ಸಿಗತೈತಿ! ಇಲ್ಲಿ ಬೀಗರಿಗೆ ಪಾತೇಲಿ ತಳಾ ತೋರಸ್ತಾರ! ಯಾರ್ರಿ ಇದಕ್ಕ ಜವಾಬ್ದಾರು?” ಎಂದು ಅವನು ಗುಡುಗಿದ.

ಕುಬೇರಪ್ಪನವರು ಕೈಮುಗಿದರು. “ಸಿಟ್ಟಾಗಬ್ಯಾಡ್ರಿ ಬೀಗರ. ಪ್ರೋಗ್ರಾಂ ಒಂದೀಟು ಹೆಚ್ಚು ಕರದು ಬಿಡ್ತು. ನಿಮ್ಮ ಹುಡುಗನs ಬರದದ್ದಲ್ಲೇನ್ರಿ?”

ಬೀಗರ ಕಡೆಯ ಅವಮಾನಕ್ಕೆ ಬೀಗರ ಕಡೆಯವನೇ ಕಾರಣನಾದರೆ ಸಿಟ್ಟನ್ನು ಯಾರ ಮೇಲೆ ತೋರಿಸುವುದು? ಚನ್ನಬಸವಣ್ಣ ಒಣ ಅವಲಕ್ಕಿ ಮುಕ್ಕುತ್ತ ನಂದೀಶನನ್ನೇ ದುರುಗುಟ್ಟಿ ನೋಡುತ್ತ ಕುಳಿತ.

ಕುಬೇರಪ್ಪನವರು ಅಳಿಯನನ್ನು ಕಂಬದ ಮರೆಗೆ ಕರೆದುಕೊಂಡು ಹೋದರು. “ಅಳಿಯಾರ, ಉಪ್ಪಿಟ್ಟು ಹೋದ್ರ ಹೋತು. ಅಕ್ಕಿಕಾಳಿನ ಬಟನ್ ಹಿಂಗ ಮಾಡಿದ್ರ ನಾ ಏನ್ ಮಾಡ್ಲಿ? ನಿಮ್ಮ ಮ್ಯಾಲ ಭರೋಸಾ ಇಟ್ಟು ವಾಜಂತ್ರಿಯವರನ್ನೂ ಕರಸಿಲ್ಲ. ನಮ್ಮವ್ವ ಬ್ಯಾರೆ ಮುಂದಿನ ಸಾಲಿನ್ಯಾಗ ಕುಂತು ನಿಮ್ಮನ್ನs ನೋಡಾಕತ್ತಾಳ.”

ಅಕ್ಕಿಕಾಳಿನ ಗುಂಡಿಯೆಂದರೆ ಆ ಪ್ರೋಗ್ರಾಮಿನ ಜೀವ. ಮದುವೆ ಮಾಡಿಸುವ ಅಯ್ಯನವರು ಕೈ ಎತ್ತಿದ ಕೂಡಲೇ ಅದನ್ನು ಒತ್ತಬೇಕು. ಮಂಗಳವಾದ್ಯ ಮೊಳಗಬೇಕು, “ಸಾವಧಾನ” ಕೇಳಬೇಕು, ಜನ ವಧುವರರ ಮೇಲೆ ಅಕ್ಕಿಕಾಳು ಹಾಕಬೇಕು. ಅದು ಬಿದ್ದರೆ ಮದುವೆಯಾಯಿತು, ಇಲ್ಲವಾದರೆ ಇಲ್ಲ. ನಂದೀಶ ಬಾಸಿಂಗ ಸರಿಮಾಡಿಕೊಂಡು, “ಅರ್ಧಾ ತಾಸು ಕೊಡ್ರಿ ಮಾವಾರ, ಎಲ್ಲಾ ಸುದ್ದ ಮಾಡ್ತೀನಿ” ಎಂದವನೇ ವೇದಿಕೆಯ ಪಕ್ಕದ ಮೈಕಿನ ಕೋಣೆಗೆ ಓಡಿದ.

ಬಾಸಿಂಗದ ಮುತ್ತಿನ ಎಳೆಗಳು ಕಣ್ಣಿಗೆ ಅಡ್ಡ ಬರುತ್ತಿದ್ದವು. ಅವನ್ನು ಕಿವಿಯ ಹಿಂದೆ ಸಿಗಿಸಿಕೊಂಡು ನಂದೀಶ ಕೀಲಿಮಣೆ ಕುಟ್ಟಿದ. ಧ್ವನಿ ಹಚ್ಚುವ ಕೆಲಸಕ್ಕೆ ಬೇರೆ ಆಳು ಗೊತ್ತು ಮಾಡಿದ. ಈಗ ಕಿಟಕಿ ಬೆಳ್ಳಗಾಗುವುದಿಲ್ಲ, ಒತ್ತಿದ ಕೂಡಲೇ ಓಗೊಡುತ್ತದೆ. “ಒತ್ತಿ ನೋಡ್ರಿ ಚಾಚಾ” ಎಂದ.

ಚಾಚಾನಿಗೆ ಅಷ್ಟೇ ಬೇಕಾಗಿತ್ತು. ಗೇಟಿಗೆ ಅಡ್ಡ ನಿಂತ ವಾಹನ ತೆಗೆಸುವ ಗುಂಡಿ ಒತ್ತಿದ. ಅದು ಮಾತು ಮುಗಿಸುವ ಮೊದಲೇ ಹಿರಿಯರನ್ನು ಕರೆಯುವ ಗುಂಡಿಯನ್ನೂ ಒತ್ತಿದ. ಆಹಾ, ಎರಡೂ ಓಗೊಟ್ಟವು, ಎರಡೂ ಕುಬೇರಪ್ಪನವರ ಕಂಠವೇ, ಎರಡೂ ಒಂದರ ಮೇಲೊಂದು. ಮಂಟಪಕ್ಕೆ ಕೇಳಿಸಿದ್ದು ಇಷ್ಟು: “ಬಂಧುಗಳೇ, ಗೇಟಿಗೆ ಅಡ್ಡವಾಗಿ ನಿಂತಿರುವ... ನಮ್ಮ ತಾಯಿಯವರಾದ ಶೇಖವ್ವನವರನ್ನು... ಕೂಡಲೇ ತೆಗೆಯಬೇಕು... ಆಶೀರ್ವದಿಸಬೇಕು... ಇಲ್ಲವಾದರೆ ಗಾಳಿ ಬಿಡಲಾಗುವುದು.”

ಮುಂದಿನ ಸಾಲಿನಲ್ಲಿ ಇಳಕಲ್ ಸೀರೆಯ ಸೆರಗು ಹೊದ್ದು ಕುಳಿತಿದ್ದ ಶೇಖವ್ವ ದಡಕ್ಕನೆ ಎದ್ದಳು. ಕೋಲೂರುತ್ತ ಸೀದಾ ಮೈಕಿನ ಕೋಣೆಗೇ ಬಂದಳು.

“ಯಾವ ಗೇಟಿಗೆ ಅಡ್ಡ ನಿಂತೇನಿ ನಾನು? ಯಾಂವ ನನ್ನ ಗಾಳಿ ಬಿಡಾಂವ? ಬರ್ರಿ ಮುಂದ!”

“ಅಮ್ಮಾ, ನಾವಲ್ರಿ, ಅದು ಎರಡು ಮಾತು ಕೂಡಿ...” ಎಂದು ನಂದೀಶ ತೊದಲಿದ.

ಶೇಖವ್ವ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. “ಏನಪಾ, ಹಣಿಗೆ ಬಾಸಿಂಗ ಕಟಗೊಂಡು ಇಲ್ಲೇನ್ ಮಾಡಾಕತ್ತಿ? ನಿನ್ನ ಹೆಣ್ತಿ ಆಗಾಕಿ ಅಲ್ಲಿ ಒಬ್ಬಾಕೀನs ಕುಂತಾಳ. ಮಂದಿ ಆಕೀನ್ನ ನೋಡೂದು, ಖಾಲಿ ಕುರ್ಚಿ ನೋಡೂದು ಮಾಡಾಕತ್ತಾರ.”

“ಬಂದೆ ಅಮ್ಮಾ, ಇದೊಂದು ಬಟನ್...”

“ಬಟನ್ ಅಂತ ಬಟನ್!” ಎಂದು ಮುದುಕಿ ಹೊರಟುಹೋದಳು.

ನಂದೀಶನಿಗೂ ಅವಳು ಹೇಳಿದ್ದು ಸರಿ ಎನಿಸಿತು. ಬೆಳಗಿನಿಂದ ಸ್ನೇಹಾಳ ಮುಖವನ್ನು ಅವನು ಸರಿಯಾಗಿ ನೋಡಿಯೇ ಇರಲಿಲ್ಲ. ಆದರೆ ಏನು ಮಾಡುವುದು, ಪ್ರೋಗ್ರಾಮು ಬರೆಯುವವರ ಜಾತಿಯೇ ಹಾಗೆ. ಇದೊಂದು ಮುಗಿಸಿ ಏಳುತ್ತೇನೆ ಎನ್ನುತ್ತಾರೆ, ಆ ಒಂದು ಎಂದೂ ಮುಗಿಯುವುದಿಲ್ಲ. ಒಂದು ಧ್ವನಿ ನಡೆದಾಗ ಉಳಿದ ಗುಂಡಿಗಳು ಮಬ್ಬಾಗಿ ನಿಲ್ಲುವಂತೆ ಮಾಡಿದ. ಧ್ವನಿ ಮುಗಿದ ಮೇಲೂ ಅವು ಮಬ್ಬಾಗಿಯೇ ಉಳಿದವು. ಅದನ್ನು ಸರಿಮಾಡಿದ. ಅಷ್ಟರಲ್ಲಿ ಹೊರಗಿನಿಂದ ಮೂವರು ಬಂದು “ಮದಿಮಗನ್ನ ಕರಿಯಾಕತ್ತಾರ” ಎಂದು ಹೇಳಿ, ಹಾಗೆಯೇ ಅಲ್ಲಿ ನಿಂತು, “ಆ ಬಟನ್ ಕೆಂಪ ಇದ್ರ ಚಲೋ ಇತ್ತು” ಎಂದು ಸಲಹೆ ಕೊಟ್ಟು ಹೋದರು.

ಕೊನೆಗೆ ಅಕ್ಕಿಕಾಳಿನ ಗುಂಡಿ. ಮಹಬೂಬಸಾಬನ ಬೆರಳಿನ ಮೇಲೆ ನಂದೀಶನಿಗೆ ಎಳ್ಳಷ್ಟೂ ನಂಬಿಕೆ ಉಳಿದಿರಲಿಲ್ಲ. ಅಯ್ಯನವರು ಕೆಮ್ಮಲೆಂದು ಕೈ ಎತ್ತಿದರೂ ಈ ಪುಣ್ಯಾತ್ಮ ಒತ್ತಿಬಿಟ್ಟರೆ? ಅದಕ್ಕೆ ಒಂದು ಪುಟ್ಟ ಕಿಟಕಿ ಇಟ್ಟ. ಗುಂಡಿ ಒತ್ತಿದರೆ ಅದು ಕೇಳುತ್ತದೆ: “ಅಕ್ಕಿಕಾಳು ಹಾಕಿಸಬೇಕೇ?” ಕೆಳಗೆ “ಹೌದು”, “ಬೇಡ” ಎಂದು ಎರಡು ಗುಂಡಿ. ಅಕಸ್ಮಾತ್ ಎಂಟರ್ ಕೀಲಿಗೆ ಕೈ ತಾಗಿದರೂ ಅನಾಹುತವಾಗಬಾರದು ಎಂದು ಎಂಟರ್ ಒತ್ತಿದರೆ “ಬೇಡ” ಎಂದೇ ಆಗುವಂತೆ ಮಾಡಿದ. ಬಲ್ಲವರೆಲ್ಲ ಹೀಗೆಯೇ ಮಾಡುತ್ತಾರೆ. ತನ್ನ ಜಾಣತನಕ್ಕೆ ತಾನೇ ತಲೆದೂಗಿ ನಂದೀಶ ಎದ್ದ.

“ಚಾಚಾ, ಅಯ್ಯಾರು ಕೈ ಎತ್ತಿದ ಕೂಡ್ಲೆ ಒತ್ರಿ. ಕೇಳ್ತೈತಿ. ಹೌದು ಅನ್ರಿ. ಅಷ್ಟs.”

“ಅಷ್ಟs ಹೌದಲ್ರಿ? ಬಿಡ್ರಿ, ನೀವು ಹೋಗಿ ಖುಷಿಲೆ ಮದಿವಿ ಆಗ್ರಿ.”

ಒಂದು ಸಂಗತಿ ಮಾತ್ರ ನಂದೀಶನಿಗೆ ಗೊತ್ತಿರಲಿಲ್ಲ. ಅವನು ಅತ್ತ ಹೋದ ಮೇಲೆ, ವೇದಿಕೆಯ ಹಿಂದೆ ಗೋಡೆಯಷ್ಟು ಅಗಲದ ಎಲ್‌ಇಡಿ ಪರದೆ ಕಟ್ಟಿದ ಮನುಷ್ಯ ಬಂದು, ಅಸುಂಡಿಯ ಸೂರ್ಯಕಾಂತಿ ಹೊಲದಲ್ಲಿ ವಧುವರರು ತೆಗೆಸಿಕೊಂಡ ಫೋಟೋ ತೋರಿಸಲೆಂದು ಅದರ ವಾಯರನ್ನು ಇದೇ ಕಂಪ್ಯೂಟರಿಗೆ ಚುಚ್ಚಿದ. ಹೀಗೆ ಕಂಪ್ಯೂಟರಿಗೆ ಈಗ ಎರಡು ಪರದೆ. ಪುಟ್ಟ ಕಿಟಕಿ ಯಾವ ಪರದೆಯಲ್ಲಿ ತೆರೆಯಬೇಕು ಎಂದು ನಂದೀಶ ಪ್ರೋಗ್ರಾಮಿಗೆ ಹೇಳಿರಲಿಲ್ಲ. ಹೇಳದಿದ್ದರೆ ಅದು ತನಗೆ ತಿಳಿದಲ್ಲಿ ತೆರೆಯುತ್ತದೆ.

ನಂದೀಶ ಸ್ನೇಹಾಳ ಪಕ್ಕದಲ್ಲಿ ಕುಳಿತ. ಆಕೆ ತಲೆ ಎತ್ತಲಿಲ್ಲ. “ಕೆಲಸಾ ಮುಗೀತೇನ್ರಿ?” ಎಂದು ಮೆಲ್ಲಗೆ ಕೇಳಿದಳು.

“ಮುಗೀತು. ಇನ್ನ ಏನೂ ತ್ರಾಸಿಲ್ಲ.”

“ಬೆಳಿಗ್ಗಿಂದ ನಾನೂ ಏನೂ ತಿಂದಿಲ್ಲ” ಎಂದಳು. ನಂದೀಶ “ಹೂಂ” ಎಂದ. ಅವನ ಕಿವಿ ಸ್ಪೀಕರಿನ ಕಡೆಗಿತ್ತು.

ಮಂತ್ರಗಳು ಏರಿದವು. ಜನ ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ಎದ್ದು ನಿಂತರು. ಅಯ್ಯನವರು ಕೈ ಎತ್ತಿದರು. ಮಹಬೂಬಸಾಬ ಒತ್ತಿದ.

ಸಪ್ಪಳಿಲ್ಲ. ಅಯ್ಯನವರು ಕೈ ಇನ್ನಷ್ಟು ಎತ್ತರಿಸಿದರು. ಆಗಲೂ ಇಲ್ಲ. ಆದರೆ ವಧುವರರ ಬೆನ್ನ ಹಿಂದೆ, ಸೂರ್ಯಕಾಂತಿ ಹೂಗಳ ನಡುವೆ, ಆಳೆತ್ತರದ ಅಕ್ಷರಗಳು ಮೂಡಿದ್ದವು: “ಅಕ್ಕಿಕಾಳು ಹಾಕಿಸಬೇಕೇ? ಹೌದು. ಬೇಡ.” ಮಂಟಪವೆಲ್ಲ ಅದನ್ನು ಓದಿತು. ಬೆನ್ನು ತಿರುಗಿಸಿ ಕುಳಿತ ಇಬ್ಬರಿಗೆ ಮಾತ್ರ ಅದು ಕಾಣಲಿಲ್ಲ. ಇದೂ ಒಂದು ಹೊಸ ಪದ್ಧತಿ ಇರಬೇಕು, ದೊಡ್ಡವರ ಮದುವೆಗಳಲ್ಲಿ ಏನೇನೋ ಇರುತ್ತದೆ ಎಂದು ಜನ ಸುಮ್ಮನೆ ಕಾದರು.

ಮಹಬೂಬಸಾಬ ಬಾಗಿಲಿನಿಂದ ಇಣುಕಿ ಕೈ ಬೀಸಿದ. “ಸರ್ರ! ಏನೂ ಕೇಳವಲ್ದು! ಎಲ್ಲಿ ಒತ್ತಿದ್ರೂ ಬರೇ ಟಣ್ ಅಂತೈತಿ!”

ನಂದೀಶ ಕುರ್ಚಿಯಿಂದ ಚಿಮ್ಮಿದ. “ಎರಡs ನಿಮಿಷ” ಎಂದು ಅಯ್ಯನವರಿಗೋ ಸ್ನೇಹಾಳಿಗೋ ಹೇಳಿ, ಜಾರುತ್ತಿದ್ದ ಶಲ್ಯ ಎಳೆದುಕೊಳ್ಳುತ್ತ ಕೋಣೆಗೆ ನುಗ್ಗಿದ. ಪುಟ್ಟ ಕಿಟಕಿಗೆ ಉತ್ತರ ಸಿಗುವ ತನಕ ದೊಡ್ಡ ಕಿಟಕಿ ಯಾರ ಮಾತನ್ನೂ ಕೇಳುವುದಿಲ್ಲ, ಅದು ಅವನಿಗೆ ಗೊತ್ತಿದ್ದದ್ದೇ. ಆದರೆ ಪುಟ್ಟ ಕಿಟಕಿ ಎಲ್ಲಿ? ಮಹಬೂಬಸಾಬನ ಮುಂದಿನ ಪರದೆಯಲ್ಲಿ ಅದರ ಸುಳಿವೇ ಇರಲಿಲ್ಲ. ನಂದೀಶ ಮೌಸು ಹಿಡಿದು ಅತ್ತ ಇತ್ತ ಎಳೆದಾಡಿದ. ಬಾಣವೂ ಬಲಗಡೆಯ ಅಂಚಿನಲ್ಲಿ ಮಾಯವಾಯಿತು.

ಹೊರಗೆ ಆ ಬಾಣ ಎಲ್‌ಇಡಿ ಪರದೆಯ ಮೇಲೆ ಪ್ರತ್ಯಕ್ಷವಾಯಿತು. ಮೊಣಕೈ ಉದ್ದದ ಬಿಳಿ ಬಾಣ.

“ಬಂತ್ ಬಂತ್! ಮದಿಮಗ ಹೇಳಾಕ ಬಂದ!” ಎಂದು ಯಾರೋ ಕೂಗಿದರು.

ಬಾಣ “ಹೌದು” ಕಡೆಗೆ ಹೊರಟಿತು. ಜನ ಮುಷ್ಟಿ ಎತ್ತಿದರು. “ಹೌದು” ಗುಂಡಿಯ ಮೇಲಿಂದ ಹಾಯ್ದು ಅದು ಸೂರ್ಯಕಾಂತಿ ಹೊಲಕ್ಕೆ ಹೋಯಿತು, ಫೋಟೋದಲ್ಲಿದ್ದ ಸ್ನೇಹಾಳ ಮೂಗಿನ ಸುತ್ತ ಎರಡು ಸುತ್ತು ಹಾಕಿತು, ಅಲ್ಲಿಂದ ಇಳಿದು “ಬೇಡ” ಮೇಲೆ ಬಂದು ನಿಂತಿತು. ಮತ್ತೆ ಹೊರಟಿತು. “ಹೌದು” ಹತ್ತಿರ ಹೋಗಿ ಹಿಂದಕ್ಕೆ ಸರಿಯಿತು.

“ಎಡಕ್ಕ! ಎಡಕ್ಕ ಎಳಿ ಲೇ ನಂದ್ಯಾ!” ಎಂದು ಚನ್ನಬಸವಣ್ಣ ಎರಡೂ ಕೈ ಬಾಯಿಗೆ ಹಿಡಿದು ಕೂಗಿದ. ಕೋಣೆಯ ಬಾಗಿಲಾಚೆಯ ಆ ಗದ್ದಲದಲ್ಲಿ ನಂದೀಶನಿಗೆ ಏನು ಕೇಳಿಸಬೇಕು?

“ಯಾಕ ಇಷ್ಟ ವಿಚಾರ ಮಾಡಾಕತ್ತಾರ?” ಎಂದು ಶಿರಹಟ್ಟಿಯ ಹಿರಿಯರು ಕುಬೇರಪ್ಪನವರನ್ನೇ ಕೇಳಿದರು.

ಒಳಗೆ ನಂದೀಶನ ಸಹನೆ ಹರಿಯಿತು. ಬಾಣವೂ ಇಲ್ಲ, ಕಿಟಕಿಯೂ ಇಲ್ಲ. “ಏನರೆ ಆಗ್ಲಿ ಹೋಗ್” ಎಂದು ಎಂಟರ್ ಕೀಲಿ ಕುಟ್ಟಿದ. ಟಣ್ ಎನ್ನುವುದು ನಿಂತಿತು, ಗುಂಡಿಗಳೆಲ್ಲ ಬಣ್ಣ ಪಡೆದವು, ದೊಡ್ಡ ಕಿಟಕಿ ಜೀವ ತಳೆಯಿತು. ನಂದೀಶನ ಸಂತೋಷ ಹೇಳತೀರದು. “ಸುದ್ದ ಆತು!” ಎಂದು ಮಹಬೂಬಸಾಬನ ಬೆನ್ನು ತಟ್ಟಿ, ನಗುತ್ತ, ಎರಡೂ ಕೈ ಮೇಲೆತ್ತಿಕೊಂಡು ವೇದಿಕೆಗೆ ಓಡಿ ಬಂದ.

“ಆತ್ರಿ, ಆತು! ಎಲ್ಲಾ ಸುದ್ದ ಆತು!”

ಯಾರೂ ನಗಲಿಲ್ಲ. ಕುಬೇರಪ್ಪನವರು ಅವನ ಹಿಂದೆ ಬೆರಳು ಮಾಡಿ ತೋರಿಸಿದರು. ನಂದೀಶ ತಿರುಗಿ ನೋಡಿದ. ಗೋಡೆಯ ತುಂಬ ಬರೆದಿತ್ತು: “ಸರಿ. ಅಕ್ಕಿಕಾಳು ರದ್ದಾಗಿದೆ.”

“ನಮ್ಮ ಹುಡುಗಿ ಬ್ಯಾಡಾಗಿದ್ರ ಮೊದಲs ಹೇಳಬೇಕಿತ್ತು ಅಳಿಯಾರ” ಎಂದರು ಕುಬೇರಪ್ಪನವರು. “ಹಿಂಗ ಊರ ಮುಂದ ಬರದು ತೋರಸ್ತಾರೇನ್ರಿ?”

“ಮಾವಾರ, ನಿಮ್ಮ ಕಾಲಿಗೆ ಬೀಳ್ತೀನಿ! ನಾ ಬ್ಯಾಡ ಅಂದಿಲ್ರಿ! ಪ್ರೋಗ್ರಾಂ ಅಂದದ್ದು!”

ಶೇಖವ್ವ ಕೋಲೂರಿ ವೇದಿಕೆ ಹತ್ತಿದಳು. “ಪ್ರೋಗ್ರಾಂ ಬರದದ್ದು ಯಾರು?”

“ನಾನs ರಿ ಅಮ್ಮಾ.”

“ಅದರಾಗ ಬ್ಯಾಡ ಅಂತ ಇಟ್ಟದ್ದು ಯಾರು?”

“ನಾನs.”

“ಒತ್ತಿದ್ದು ಯಾರು?”

“ನಾನs ಖರೆ, ಆದ್ರ ಕಣ್ಣಿಗೆ ಕಾಣಲಾರದ ಒತ್ತಿದೆ. ಕೈ ತಪ್ಪಿ ಒತ್ತಿದ್ರೂ ಅನಾಹುತ ಆಗಬಾರದಂತ ಎಂಟರಿಗೆ ಬ್ಯಾಡ ಇಟ್ಟಿದ್ದೆ.”

“ಅಂದ್ರ ನಮ್ಮ ಸ್ನೇಹಾ ಅನಾಹುತ!”

ಹೆಣ್ಣಿನ ಕಡೆಯವರು ಹೋ ಎಂದರು. ಮಹಬೂಬಸಾಬ ಮಧ್ಯೆ ನುಗ್ಗಿ, “ಹುಡುಗಂದು ತಪ್ಪಿಲ್ರಿ, ಕಿಟಕಿ ಅಲ್ಲಿ ಹೋಗಿ ತೆರದೈತಿ, ನಾ ಇಲ್ಲಿ ಹುಡಿಕೀನಿ” ಎಂದು ಆಣೆ ಮಾಡಿ ಹೇಳಿದ. ಪರದೆ ಕಟ್ಟಿದವನೂ ವಾಯರ್ ಚುಚ್ಚಿದ್ದು ತಾನೇ ಎಂದು ಒಪ್ಪಿಕೊಂಡ. ಅಂತೂ ಇಂತೂ ಕೂಗಾಟ ತಗ್ಗುವ ಹೊತ್ತಿಗೆ ಅಯ್ಯನವರು ಕೈಗಡಿಯಾರ ನೋಡಿ ತಲೆಯಲ್ಲಾಡಿಸಿದರು.

“ಮುಹೂರ್ತ ಜಾರಿತ್ರಿ. ಇನ್ನ ಗೋಧೂಳಿಗೆ ಐತಿ ನೋಡ್ರಿ.”

“ಗೋಧೂಳಿಗೇ ಆಗ್ಲಿ” ಎಂದು ನಂದೀಶ ಗೋಗರೆದ. “ಅಲ್ಲೀತನಕ ನಾ ಈ ಕುರ್ಚಿ ಬಿಟ್ಟು ಏಳಂಗಿಲ್ಲ. ಬೇಕಾದ್ರ ಎಲ್ಲಾರ ಮುಂದ ಹೌದು ಅಂತೀನಿ. ಹೌದು! ಹೌದು! ನೂರ ಸಲ ಹೌದು!”

ಕುಬೇರಪ್ಪನವರ ಮುಖ ಸಡಿಲಾಯಿತು. ಚನ್ನಬಸವಣ್ಣನೂ “ಹುಡುಗ ಖರೇ ಹೇಳಾಕತ್ತಾನ” ಎಂದ. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಶೇಖವ್ವ ಕೋಲಿನಿಂದ ನೆಲ ಕುಟ್ಟಿದಳು.

“ತಡೀರಿ. ಗಂಡುಹುಡುಗಂದಾತು. ಎರಡು ಸಲ ಕೇಳಿದಂಗಾತು, ಒಮ್ಮೆ ಬ್ಯಾಡ ಅಂದ, ಒಮ್ಮೆ ಹೌದು ಅಂದ. ನಮ್ಮ ಹುಡುಗೀನ್ನ ಯಾರರೆ ಕೇಳೀರೇನು? ಸಾಬಾ, ಆ ಇಲಿ ತಂದು ಆಕಿ ಕೈಯಾಗ ಕೊಡು. ಆ ಪ್ರಶ್ನಿ ಮತ್ತೊಮ್ಮೆ ಹಚ್ಚು.”

ಮಂಟಪ ಮೊದಲು ಬೆರಗಾಯಿತು, ಆಮೇಲೆ ಹೆಂಗಸರ ಸಾಲಿನಿಂದ “ಖರೆ ಐತಿ, ಕೇಳ್ರಿ ಆಕೀನ್ನ” ಎಂದು ಕೂಗು ಎದ್ದಿತು. ವಾಯರ್ ಇಲ್ಲದ ಮೌಸು. ಮಹಬೂಬಸಾಬ ಗುಂಡಿ ಒತ್ತಿ, ಮೌಸನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ತಂದು, ತಾಟಿನ ಮೇಲೆ ಇಟ್ಟು ಸ್ನೇಹಾಳ ಮುಂದೆ ಹಿಡಿದ. ಗೋಡೆಯ ಮೇಲೆ ಮತ್ತೆ ಪ್ರಶ್ನೆ ಮೂಡಿತು.

ಸ್ನೇಹಾ ಎದ್ದು ಪರದೆಯತ್ತ ತಿರುಗಿದಳು. ಮೆಹಂದಿಯ ಕೈ ಮೌಸಿನ ಮೇಲೆ ಬಂತು. ಬಿಳಿ ಬಾಣ ನೆಟ್ಟಗೆ “ಹೌದು” ಕಡೆಗೆ ಹೋಯಿತು. ನಂದೀಶ ಉಸಿರು ಬಿಟ್ಟ. ಅಲ್ಲಿಂದ “ಬೇಡ” ಕಡೆಗೆ ಹೋಯಿತು. ನಂದೀಶ ಕುರ್ಚಿಯ ಕೈ ಬಿಗಿಯಾಗಿ ಹಿಡಿದ. ಎರಡರ ನಡುವೆ ಬಾಣ ನಿಂತಿತು. ಆಕೆ ಅವನ ಕಡೆಗೆ ಹೊರಳಿದಳು.

“ರೀ, ಇದರಾಗ ‘ಆಮೇಲೆ ನೆನಪಿಸು’ ಅನ್ನೂ ಬಟನ್ ಇಲ್ಲೇನ್ರಿ?”

ಮಂಟಪದ ತಲೆಗಳೆಲ್ಲ ಒಮ್ಮೆಲೇ ನಂದೀಶನ ಕಡೆಗೆ ತಿರುಗಿದವು.

“ಸ್ನೇಹಾ!” ಎಂದು ಕುಬೇರಪ್ಪನವರು ಗದರಿದರು.

“ಇಲ್ಲಪ್ಪಾ, ಸಿಟ್ಟಿನಿಂದ ಹೇಳಾಕತ್ತಿಲ್ಲ” ಎಂದಳು ಸ್ನೇಹಾ. ಕಣ್ಣಲ್ಲಿ ನೀರು ಇತ್ತು, ತುಟಿಯಲ್ಲಿ ನಗೆಯೂ ಇತ್ತು. “ಬೆಳಿಗ್ಗಿಂದ ಇವರು ಉಪ್ಪಿಟ್ಟಿನ ಮಾತು ಕೇಳಿ ಓಡ್ಯಾರ, ಚಾಚಾನ ಮಾತು ಕೇಳಿ ಓಡ್ಯಾರ, ಬಟನ್ ಬಣ್ಣಾ ಹೇಳಾಕ ಬಂದವರ ಮಾತೂ ಕೇಳ್ಯಾರ. ನಾ ಹೊಟ್ಟಿ ಹಸದೈತಿ ಅಂದ್ರ ಹೂಂ ಅಂದ್ರು, ಅಷ್ಟs. ಊರ ಮಂದಿಗೆಲ್ಲಾ ಬಟನ್ ಮಾಡಿ ಕೊಡ್ತಾರಲ್ಲಾ, ನನಗೂ ಒಂದು ಮಾಡಿ ಕೊಡ್ಲಿ. ಗೋಧೂಳಿತನಕ ಹೊತ್ತಂತೂ ಐತಿ.”

ನಂದೀಶನಿಗೆ ಕಿವಿಯವರೆಗೆ ಕೆಂಪೇರಿತು. ಆಕೆಯ ಒಂದೊಂದು ಮಾತೂ ನಿಜವಾಗಿತ್ತು, ಅದೇ ಅವನಿಗೆ ಹೆಚ್ಚು ನಾಚಿಕೆ.

“ಕೇಳ್ಯಾಳ, ಮಾಡಿ ಕೊಡು” ಎಂದಳು ಶೇಖವ್ವ, ಅವತ್ತು ಮೊದಲ ಸಲ ನಗುತ್ತ. “ಕೆಲಸಾ ಏನಂತ ನಾನೂ ನೋಡ್ತೀನಿ.”

ನಂದೀಶ ಕೊನೆಯ ಆಸೆಯಿಂದ ಕಾಕಾನ ಕಡೆಗೆ ನೋಡಿದ. ಬೀಗರ ಮರ್ಯಾದೆಗಾಗಿ ಮದುವೆ ಮದುವೆಗಳಲ್ಲಿ ಜಗಳ ಕಾದ ಮನುಷ್ಯ, ಈಗ ತನ್ನ ಪರ ಒಂದು ಮಾತು ಆಡಬಾರದೇ? ಚನ್ನಬಸವಣ್ಣ ಅಯ್ಯನವರ ಕಡೆಗೆ ಬಾಗಿ ಕೇಳುತ್ತಿದ್ದ: “ಅಯ್ಯಾರ, ಅಕ್ಕಿಕಾಳು ಸಂಜಿಗೆ ಅಂದ ಮ್ಯಾಲ, ಊಟಾ ಈಗs ಮಾಡಿದ್ರ ನಡೀತೈತ್ರಿಲ್ಲೋ?”

“ನಡೀತೈತಿ” ಎಂದರು ಅಯ್ಯನವರು. ಅವರಿಗೂ ಹಸಿವಾಗಿತ್ತು.

“ಮಾಡಿ ಕೊಡ್ಲೇ ನಂದ್ಯಾ, ಮಾಡಿ ಕೊಡು. ನಾವು ಊಟಕ್ಕ ಕುಂಡ್ರತೀವಿ” ಎಂದು ಚನ್ನಬಸವಣ್ಣ ಎಲ್ಲರಿಗಿಂತ ಮೊದಲು ಎದ್ದ.

ಹೀಗೆ, ತನ್ನ ಮದುವೆಯ ಊಟದ ಪಂಕ್ತಿಯಲ್ಲಿ ಊರೆಲ್ಲ ಗೋಧಿ ಹುಗ್ಗಿ ಸುರಿಯುತ್ತಿದ್ದಾಗ, ಮದುವೆಯಾದವನೂ ಅಲ್ಲದ ಆಗದವನೂ ಅಲ್ಲದ ನಂದೀಶ ಮೈಕಿನ ಕೋಣೆಯಲ್ಲಿ ಬಾಸಿಂಗವನ್ನು ಮತ್ತೆ ಕಿವಿಯ ಹಿಂದೆ ಸಿಗಿಸಿಕೊಂಡು ಮೂರನೆಯ ಗುಂಡಿ ಮಾಡುತ್ತ ಕುಳಿತ. ಹೊಟ್ಟೆ ತಾಳ ಹಾಕುತ್ತಿತ್ತು. ತುಪ್ಪದ ವಾಸನೆ ಗೋಡೆ ದಾಟಿ ಬರುತ್ತಿತ್ತು.

ಬಾಗಿಲು ತೆರೆಯಿತು. ಸ್ನೇಹಾ ಒಳಗೆ ಬಂದಳು. ಕೈಯಲ್ಲಿ ತಾಟು, ತಾಟಿನ ತುಂಬ ಹುಗ್ಗಿ, ಬದನೆಕಾಯಿ ಪಲ್ಯ, ಬುಂದೇಕಾಳು. ನಂದೀಶನ ಕಣ್ಣು ತುಂಬಿ ಬಂತು. ಎಷ್ಟು ಬೈದರೂ ಹೆಂಡತಿ ಹೆಂಡತಿಯೇ ಎಂದು ಎರಡೂ ಕೈ ಚಾಚಿದ.

ಸ್ನೇಹಾ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತು, ತಾಟನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಉಣ್ಣತೊಡಗಿದಳು.

“ಎಲ್ಲೀತನಕ ಬಂತ್ರಿ?”

ನಂದೀಶ ಚಾಚಿದ ಕೈಯನ್ನು ಮೆಲ್ಲಗೆ ಕೀಲಿಮಣೆಗೆ ಇಳಿಸಿದ. “ಇಲ್ನೋಡು. ಹೌದು, ಬ್ಯಾಡ, ಆಮೇಲೆ ನೆನಪಿಸು. ಮೂರೂ ಕೆಲಸಾ ಮಾಡ್ತಾವ. ಸಂಜಿಗೆ ಹೌದು ಒತ್ತತಿಯಲ್ಲಾ?”

“ಅದನ್ನ ಆಮ್ಯಾಲ ನೋಡೂಣು. ಮೊದ್ಲ ಈ ಬಟನ್ ಒಂದೀಟು ಎಡಕ್ಕ ಸರಸ್ರಿ.”

ಸರಿಸಿದ.

“ಇನ್ನೊಂಚೂರು.”

ಇನ್ನೊಂದು ಚೂರು ಸರಿಸಿದ. ಸ್ನೇಹಾ ತುತ್ತು ಬಾಯಲ್ಲಿಟ್ಟುಕೊಂಡು, ತಲೆ ಓರೆ ಮಾಡಿ, ಪರದೆಯನ್ನು ಬಹಳ ಹೊತ್ತು ನೋಡಿದಳು.

“ಬ್ಯಾಡ್ರಿ, ಮೊದ್ಲ ಇದ್ದಲ್ಲೇ ಚಂದಿತ್ತು.”

ನಂದೀಶ ಗುಂಡಿಯನ್ನು ಮೊದಲಿದ್ದ ಜಾಗಕ್ಕೇ ತಂದಿಟ್ಟ. ಆಕೆ ತಾಟಿನ ಹುಗ್ಗಿ ಬಳಿಯುತ್ತ ಸಮಾಧಾನದಿಂದ ಹೂಂಗುಟ್ಟಿದಳು.

“ಈಗ ಬಣ್ಣದ್ದು ವಿಚಾರ ಮಾಡೂಣ್ರಿ.”